ಅಕ್ಕನಿಗೆ ಪಾಸು ಕೊಡದ ಪಾಸಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬಸ್ ನಿಲ್ದಾಣದ ದೀಪಗಳು ಆರಿಲ್ಲ, ಬೆಳಕೂ ಪೂರ್ತಿ ಹರಿದಿಲ್ಲ. ಆಗಷ್ಟೇ ತೊಳೆದು ನಿಲ್ಲಿಸಿದ ಬಸ್ಸುಗಳಿಂದ ನೀರು ತೊಟ್ಟಿಕ್ಕುತ್ತಿದೆ. ಮೊದಲ ಪಾಳಿಯ ಚಾಲಕರು ಟೀ ಲೋಟ ಹಿಡಿದು ಕೊನೆಯ ಗುಟುಕನ್ನು ಎಳೆಯುತ್ತ ನಿಂತಿದ್ದಾರೆ. ಅಷ್ಟು ಹೊತ್ತಿಗಾಗಲೇ ಮೂರನೇ ಕಿಟಕಿಯ ಮುಂದೆ ಎಂಬತ್ತು ಜನರ ಸಾಲು. ಹೆಚ್ಚಿನವರ ತಲೆ ನರೆತಿದೆ, ಒಂದಿಬ್ಬರದು ನಿನ್ನೆಯಷ್ಟೇ ಕಪ್ಪಾಗಿದೆ. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆ ಹರಿಯಲು ಬಂದ ಶಾಲೆಯ ಕಾಗದ, ಎರಡು ಫೋಟೊ. ಇಷ್ಟೂ ಜನರ ಹುಟ್ಟುಹಬ್ಬ ಇವತ್ತೇ.

ಒಳಗಿನಿಂದ ಚಿಲಕ ಸರಿದ ಸದ್ದಾಗುತ್ತದೆ. ಮೊದಲು ಒಂದು ಕೈ ಕಾಣಿಸಿಕೊಂಡು ಹಳೇ ಬಟ್ಟೆಯ ಚೂರಿನಿಂದ ಗಾಜು ಒರೆಸುತ್ತದೆ. ಆಮೇಲೆ ದಪ್ಪ ಕನ್ನಡಕ, ಅದರ ಹಿಂದೆ ಒಂದು ನಗು.

"ಎಲ್ಲರಿಗೂ ಹುಟ್ಟುಹಬ್ಬದ ಶುಭಾಶಯ. ನೂಕಬೇಡಿ. ಅರವತ್ತು ವರ್ಷ ಕಾದಿದ್ದೀರಿ, ಇನ್ನರ್ಧ ಗಂಟೆ ಕಾಯೋಕೆ ಏನು ಕಷ್ಟ?"

ಸಾಲು ಗೊಳ್ಳೆಂದು ನಗುತ್ತದೆ. ಮೊದಲಿಗೆ ನಿಂತ ಗಾರೆ ಕೆಲಸದವರು ಕಾಗದ ಒಳಗೆ ತಳ್ಳುತ್ತಾರೆ.

"ಯಾವ ವರ್ಷ?"

"ದಿನ ಕೇಳಲ್ವಾ ಅಮ್ಮ?"

"ನಿಮ್ಮ ದಿನ ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ವರ್ಷ ಹೇಳಿ ಸಾಕು."

ಈ ಊರಿನಲ್ಲಿ ಅರವತ್ತರ ಆಸುಪಾಸಿನ ಮುಕ್ಕಾಲು ಪಾಲು ಜನ ಕಾಗದದ ಪ್ರಕಾರ ಒಂದೇ ತಾರೀಖಿನಲ್ಲಿ ಹುಟ್ಟಿದ್ದಾರೆ. ಅದು ಶಾಲೆಗಳು ಬಾಗಿಲು ತೆರೆಯುವ ತಿಂಗಳ ಒಂದನೇ ತಾರೀಖು. ಹೆತ್ತವರಿಗೆ ಹೆರಿಗೆಯ ನೋವು ನೆನಪಿತ್ತೇ ಹೊರತು ತಾರೀಖು ನೆನಪಿರಲಿಲ್ಲ. ಶಾಲೆಗೆ ಸೇರಿಸಲು ಹೋದಾಗ ಹೆಡ್ಮಾಸ್ತರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ತಾಕಿತೋ, ವಯಸ್ಸಾಯಿತು ಎಂದು ಲೆಕ್ಕ. ಅಂದಿನ ತಾರೀಖನ್ನೇ ಹುಟ್ಟಿದ ದಿನದ ಜಾಗದಲ್ಲಿ ಬರೆದು, ಆರು ವರ್ಷ ಹಿಂದಕ್ಕೆ ಹಾಕಿ, "ಹೋಗಿ ಕೂತ್ಕೋ" ಎನ್ನುತ್ತಿದ್ದರು. ಆ ಮಕ್ಕಳಿಗೆಲ್ಲ ಈಗ ಮಂಡಿ ನೋಯುತ್ತದೆ. ಅರ್ಧ ದರದ ಪಾಸಿಗಾಗಿ ವರ್ಷಕ್ಕೊಂದು ತಂಡದಂತೆ, ಹಿಂದೊಮ್ಮೆ ತರಗತಿಯ ಬಾಗಿಲಲ್ಲಿ ನಿಂತ ಹಾಗೆಯೇ, ಈ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ.

ಕಿಟಕಿಯ ಒಳಗಿರುವವರಿಗೆ ತಂದೆ ತಾಯಿ ಇಟ್ಟ ಹೆಸರೊಂದಿದೆ, ಆದರೆ ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿಲ್ಲ. ಊರಿಗೆಲ್ಲ ಅವರು ಪಾಸಮ್ಮ. ಮೂವತ್ತೊಂದು ವರ್ಷದಿಂದ ಇದೇ ಕಿಟಕಿ, ಇದೇ ಕಬ್ಬಿಣದ ಸ್ಟೂಲು. ಅವರ ಹುಟ್ಟಿದ ದಿನವೂ, ಹೇಳಬೇಕಾಗಿಲ್ಲ, ಒಂದನೇ ತಾರೀಖೇ. ಇವತ್ತಿಗೆ ಅರವತ್ತು ತುಂಬಿತು. ಈ ತಿಂಗಳ ಕೊನೆಗೆ ನಿವೃತ್ತಿ. ಊರಿಗೆಲ್ಲ ಪಾಸು ಮಾಡಿಕೊಟ್ಟ ಈ ಹೆಂಗಸಿಗೆ ಕೊಡಲಾಗದೆ ಉಳಿದಿರುವುದು ಒಂದೇ ಒಂದು ಪಾಸು. ಅದು ಅವರ ಸ್ವಂತ ಅಕ್ಕನದು. ಆ ಮಾತಿಗೆ ಆಮೇಲೆ ಬರೋಣ, ಸಾಲು ದೊಡ್ಡದಿದೆ.

ಮಾಮೂಲಿ ದಿನದಲ್ಲಿ ಅರವತ್ತು, ಎಪ್ಪತ್ತು ಪಾಸು. ಶಾಲೆ ಶುರುವಾಗುವ ವಾರಗಳಲ್ಲಿ ನಾನೂರು. ಈ ಒಂದನೇ ತಾರೀಖಿನಂದು ಮುನ್ನೂರಕ್ಕೆ ಕಡಿಮೆಯಿಲ್ಲ. ಅರವತ್ತು ತುಂಬಿದವರಿಗೆ ಅರ್ಧ ದರ, ಹಳದಿ ಪಾಸು. ಎಪ್ಪತ್ತೈದು ದಾಟಿದವರಿಗೆ ಪೂರ್ತಿ ಉಚಿತ, ಬಿಳಿ ಪಾಸು. ಕಣ್ಣು ಕಾಣದವರಿಗೂ ಉಚಿತ, ಕೈ ಹಿಡಿದು ಕರೆತರುವವರಿಗೂ ಅದೇ ಪಾಸಿನಲ್ಲಿ ಜಾಗ. ಓದುವ ಮಕ್ಕಳಿಗೆ ನೀಲಿ. ಯಾರಿಗೆ ಯಾವ ಕಾಗದ ಬೇಕು, ಅದಿಲ್ಲದಿದ್ದರೆ ಇನ್ಯಾವುದು ನಡೆಯುತ್ತದೆ ಎಂಬುದೆಲ್ಲ ಪಾಸಮ್ಮನಿಗೆ ಬಾಯಿಪಾಠ. ಶಾಲೆಯ ಮೆಟ್ಟಿಲನ್ನೇ ಹತ್ತದ ಹೂ ಮಾರುವ ಅಜ್ಜಿಯೊಬ್ಬರಿಗೆ ಹೆರಿಗೆ ಆಸ್ಪತ್ರೆಯ ಹಳೇ ಪುಸ್ತಕ ಹುಡುಕಿಸಿ, ಅದರಲ್ಲಿನ ಒಂದು ಸಾಲನ್ನು ನಕಲು ಮಾಡಿಸಿ ಪಾಸು ಕೊಟ್ಟಿದ್ದಾರೆ. "ಕಾಗದ ಇಲ್ಲ ಅಂತ ಯಾರೂ ಹುಟ್ಟದೇ ಇರಲ್ಲವಲ್ಲ" ಎನ್ನುತ್ತಾರೆ. "ಎಲ್ಲೋ ಒಂದು ಕಡೆ ಬರೆದಿರ್ತಾರೆ. ಹುಡುಕಬೇಕು ಅಷ್ಟೇ."

ಅವರ ಕೆಲಸ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಫೋಟೊದ ಬೆನ್ನಿಗೆ ಬೆರಳ ತುದಿಯಿಂದ ಗೋಂದು, ರಟ್ಟಿನ ಮೇಲೆ ಒಂದು ಒತ್ತು, ಹೆಸರು, ವರ್ಷ, ಸಹಿ. ಕೊನೆಗೆ ಮೊಹರು. ಮೊಹರಿನ ಅರ್ಧ ಫೋಟೊದ ಮೇಲೆ, ಅರ್ಧ ರಟ್ಟಿನ ಮೇಲೆ ಬೀಳಬೇಕು ಎನ್ನುತ್ತದೆ ನಿಯಮ. ಬೇರೆ ಕಿಟಕಿಗಳಲ್ಲಿ ಅದು ಧಬ್ ಎಂದು ಎಲ್ಲಿ ಬಿದ್ದರೆ ಅಲ್ಲಿ. ಪಾಸಮ್ಮ ಮಾತ್ರ ಪಾಸನ್ನು ಓರೆ ಮಾಡಿಕೊಂಡು, ಉಸಿರು ಹಿಡಿದು, ಸರಿಯಾಗಿ ಭುಜದ ಮೇಲೆ ಒತ್ತುತ್ತಾರೆ.

"ಮುಖದ ಮೇಲೆ ಮೊಹರು ಬೀಳಬಾರದು" ಎಂದು ಕಾರಣ ಕೊಡುತ್ತಾರೆ. "ಪಾಪ, ಎಷ್ಟೋ ಜನಕ್ಕೆ ಇದೇ ಮೊದಲನೇ ಫೋಟೊ. ಮದುವೇಲೂ ತೆಗೆಸಿಲ್ಲ ಅಂತಾರೆ. ಸ್ನಾನ ಮಾಡಿ, ತಲೆ ಬಾಚಿ, ಎರವಲು ತಂದ ಅಂಗಿ ಹಾಕ್ಕೊಂಡು ತೆಗೆಸಿರ್ತಾರೆ. ಅದರ ಮೇಲೆ ಮಸಿ ಬಳಿಯೋಕೆ ನನಗೆ ಕೈ ಬರಲ್ಲ."

ಕಂಡಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಭುಜದ ಮೇಲೆ ಮೊಹರಿದ್ದರೆ ಪಾಸಮ್ಮನ ಪಾಸು, ಎರಡನೇ ಸಲ ನೋಡುವುದೇ ಬೇಡ ಎಂದು ಮುಂದೆ ಹೋಗುತ್ತಾರೆ. ಬರುವ ತಿಂಗಳಿಂದ ರಟ್ಟೂ ಇರುವುದಿಲ್ಲ, ಗೋಂದೂ ಇರುವುದಿಲ್ಲ. ಯಂತ್ರವೇ ಫೋಟೊ ತೆಗೆದು, ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚು ಹಾಕಿ ಹೊರಗೆ ನೂಕುತ್ತದೆ. ಒಳ್ಳೆಯದೇ, ಸಾಲು ಬೇಗ ಕರಗುತ್ತದೆ. ಆದರೆ ಆ ಗೋಂದಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನೀಲಿ ಪಾಸು ಜೇಬಿನಲ್ಲಿಟ್ಟುಕೊಂಡು ಊರಿಗೇ ಒಡೆಯರಂತೆ ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದ ದಿನಗಳು ಯಾರಿಗಾದರೂ ನೆನಪಾಗಬೇಕು. ಈಗಿನ ಮೇಲ್ವಿಚಾರಕರೂ ಹಾಗೆ ನೀಲಿ ಪಾಸು ಪಡೆದವರೇ. ಹೈಸ್ಕೂಲಿನ ಮೂರು ವರ್ಷದಲ್ಲಿ ನಾಲ್ಕು ಸಲ ಕಳೆದುಕೊಂಡು, ನಾಲ್ಕು ಸಲವೂ ಪಾಸಮ್ಮನಿಂದ ಬೈಸಿಕೊಂಡಿದ್ದಾರೆ. ಇವತ್ತಿಗೂ ಅವರ ಕೋಣೆಗೆ ಪಾಸಮ್ಮ ಹೋದರೆ, ಎದ್ದು ನಿಲ್ಲುವುದು ಮೇಲ್ವಿಚಾರಕರೇ.

ಪಾಸಮ್ಮ ಈ ಸ್ಟೂಲಿಗೆ ಬಂದದ್ದು ಸಂತೋಷದಿಂದಲ್ಲ. ಗಂಡ ಹನ್ನೊಂದನೇ ನಂಬರ್ ಬಸ್ಸಿನ ಚಾಲಕ. ಒಂದು ಬೆಳಿಗ್ಗೆ ಡಿಪೊದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮನೆಯಲ್ಲಿ ಎರಡು ವರ್ಷದ ಮಗಳು. ಸಂಸ್ಥೆಯವರು ಕರೆದು ಈ ಕಿಟಕಿ ತೋರಿಸಿದರು. "ಕೆಲಸ ಏನೋ ಕೊಟ್ಟರು, ಮಗು ಯಾರ ಹತ್ತಿರ ಬಿಡೋದು? ಅಳ್ತಾ ಕೂತಿದ್ದೆ. ಮಾರನೇ ದಿನ ಬೆಳಿಗ್ಗೆ ಅಕ್ಕ ಒಂದು ಪೆಟ್ಟಿಗೆ, ಒಂದು ಹೊಲಿಗೆ ಮಷಿನ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಾ ಅಂತ ನಾನು ಕರೆದಿರಲೇ ಇಲ್ಲ." ಅಂದು ಬಂದ ಅಕ್ಕ ಮತ್ತೆ ಹೋಗಲಿಲ್ಲ. ಡಿಪೊದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಮಗು ಅಕ್ಕನ ಸೊಂಟದ ಮೇಲೇ ಬೆಳೆಯಿತು. ಓದಿ, ಕೆಲಸ ಹಿಡಿದು, ಮದುವೆಯಾಗಿ ಈಗ ಇದೇ ಊರಿನ ಇನ್ನೊಂದು ತುದಿಯಲ್ಲಿದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಪಾಸಮ್ಮನ ಕೈಯಿಂದ ಒಂದು ತಪ್ಪು ನಡೆಯಿತು. ಅದನ್ನು ಅವರು ಯಾರೂ ಕೇಳದಿದ್ದರೂ ಹೇಳುತ್ತಾರೆ. ಕೊಡೆ ರಿಪೇರಿ ಮಾಡುವವರೊಬ್ಬರು ಬಂದರು. ಬೆನ್ನು ಬಾಗಿದೆ, ಕೈಯಲ್ಲಿ ಕೊಡೆಕಡ್ಡಿಗಳ ಕಟ್ಟು. ಕಾಗದದ ಪ್ರಕಾರ ಅರವತ್ತಕ್ಕೆ ಇನ್ನೂ ಏಳು ತಿಂಗಳು ಬಾಕಿ. ಏಳು ತಿಂಗಳು ಯಾವ ಲೆಕ್ಕ ಎಂದು ಪಾಸಮ್ಮ ಹಳದಿ ಪಾಸಿಗೆ ಮೊಹರು ಒತ್ತಿಬಿಟ್ಟರು. ವಾರ ಕಳೆಯುವಷ್ಟರಲ್ಲಿ ತಪಾಸಣೆಯವರು ಬಸ್ಸು ಹತ್ತಿದರು, ಶಾಲೆಯ ಕಾಗದ ಕೇಳಿದರು, ತಿಂಗಳು ಎಣಿಸಿದರು. ತುಂಬಿದ ಬಸ್ಸಿನಲ್ಲಿ, ಅಷ್ಟೂ ಜನರ ಎದುರು, ಅವರನ್ನು ದಾರಿಯ ಮಧ್ಯೆ ಇಳಿಸಿದರು.

"ಮೂರು ದಿನ ಬಿಟ್ಟು ಬಂದರು" ಎನ್ನುವಾಗ ಪಾಸಮ್ಮನ ದನಿ ತಗ್ಗುತ್ತದೆ. "ಪಾಸು ಒಳಗೆ ತಳ್ಳಿದರು. ಬೈತಾರೆ ಅಂದ್ಕೊಂಡೆ. 'ನಿಮ್ಮ ತಪ್ಪಿಲ್ಲ ತಾಯಿ, ನಾನೇ ಹುಟ್ಟೋದು ತಡ ಮಾಡಿದೆ' ಅಂದು ಹೋದರು. ಬೈದಿದ್ರೆ ಮರೆತುಬಿಡ್ತಿದ್ದೆ. ಏಳು ತಿಂಗಳಾದ ಮೇಲೆ ಅವರ ಪಾಸು ಬರೆದಿಟ್ಟು ಕಾದೆ. ಬರಲೇ ಇಲ್ಲ."

ಅಲ್ಲಿಂದ ಇಲ್ಲಿಯವರೆಗೆ ಒಂದು ದಿನ ಕಡಿಮೆಯಿದ್ದರೂ ಪಾಸಮ್ಮ ಕೈ ಜೋಡಿಸಿ ವಾಪಸ್ಸು ಕಳಿಸುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸಾಲಿನಲ್ಲಿ ಗೊಣಗುವವರಿದ್ದಾರೆ. ಗೊಣಗಲಿ ಬಿಡಿ. ಅವರು ವಾಪಸ್ಸು ಕಳಿಸಿದವರಲ್ಲಿ ಸ್ವಂತ ಅಕ್ಕನೂ ಒಬ್ಬರು ಎಂದು ಆ ಗೊಣಗುವವರಿಗೆ ಗೊತ್ತಿಲ್ಲ.

ಈಗ ಅಕ್ಕನ ವಿಷಯ. ಸುಮಾರು ಅರವತ್ತು ವರ್ಷದ ಹಿಂದಿನ ಮಾತು. ಅಪ್ಪ ಅಮ್ಮ ಇಬ್ಬರೂ ಮಿಲ್ಲಿಗೆ ಹೋಗುವವರು. ಮನೆಯಲ್ಲಿ ಹಸುಗೂಸು ತಂಗಿ. ಅದನ್ನು ಎತ್ತಿಕೊಳ್ಳಲು ಯಾರಾದರೂ ಬೇಕಲ್ಲ, ನಾಲ್ಕು ವರ್ಷದ ಅಕ್ಕನ ಸೊಂಟಕ್ಕೆ ಅದು ಅಂಟಿಕೊಂಡಿತು. ಅಕ್ಕನಿಗೆ ಆರಾಯಿತು, ಏಳಾಯಿತು, ಎಂಟಾಯಿತು. ಓರಗೆಯವರೆಲ್ಲ ಚೀಲ ಹಾಕಿಕೊಂಡು ಹೋಗುವುದನ್ನು ತಂಗಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಒಂಬತ್ತಕ್ಕೆ ಅಂತೂ ಅಪ್ಪ ಶಾಲೆಗೆ ಕರೆದೊಯ್ದ. ಐದು ವರ್ಷದ ತಂಗಿ ಅಕ್ಕನನ್ನು ಬಿಟ್ಟಿರಲಾರೆ ಎಂದು ರಂಪ ಮಾಡಿದ್ದಕ್ಕೆ ಅವಳನ್ನೂ ಜೊತೆಗೇ ಹೊರಡಿಸಿದ.

ಹೆಡ್ಮಾಸ್ತರಿಗೆ ಮೊದಲು ಕಂಡದ್ದು ಅಕ್ಕನ ಸೊಂಟದ ಮೇಲಿದ್ದ ತಂಗಿ. ಆರು ವರ್ಷ ಎಂದು ಬರೆದರು. ಆಮೇಲೆ ಅಕ್ಕನ ಕಡೆ ನೋಡಿದರು. ಅವಳ ಕೈ ಕಿವಿ ದಾಟಿ ಕೆನ್ನೆಯವರೆಗೆ ಬರುತ್ತಿತ್ತು. ಒಂದನೇ ತರಗತಿಗೆ ಐದು, ಆರು ಬಿಟ್ಟು ಬೇರೆ ವಯಸ್ಸಿಲ್ಲ. ಆರು ತಂಗಿಗೆ ಹೋಗಿದೆ. ಇಬ್ಬರಿಗೂ ಅದನ್ನೇ ಬರೆದರೆ ಅವಳಿಜವಳಿಯೇ ಎಂದು ಮೇಲಿನವರು ಕೇಳುತ್ತಾರೆ. ಉಳಿದದ್ದು ಐದು. ಅದನ್ನೇ ಅಕ್ಕನ ಪಾಲಿಗೆ ಬರೆದು ಹೆಡ್ಮಾಸ್ತರು ಪುಸ್ತಕ ಮುಚ್ಚಿದರು. ಹೀಗೆ ಅಂದು ಒಂದನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ, ಅಕ್ಕ ತಂಗಿಗಿಂತ ಒಂದು ವರ್ಷ ಚಿಕ್ಕವಳಾದಳು.

"ಕಾಗದ ಅವಳ ನಾಲ್ಕು ವರ್ಷ ನುಂಗಿಬಿಡ್ತು" ಎನ್ನುತ್ತಾರೆ ಪಾಸಮ್ಮ. "ಯಾವ ನಾಲ್ಕು ವರ್ಷ ಹೇಳಿ? ನನ್ನನ್ನ ಎತ್ಕೊಂಡು ತಿರುಗಿದ ವರ್ಷಗಳೇ. ಅವು ಲೆಕ್ಕಕ್ಕೇ ಬರಲಿಲ್ಲ."

ಅಕ್ಕನಿಗೆ ನಿಜದಲ್ಲಿ ಅರವತ್ತಾಗಿ ಮೂರು ವರ್ಷವಾಯಿತು. ಕಾಗದದಲ್ಲಿ ಐವತ್ತೊಂಬತ್ತು. ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹಾಸಿಗೆ ಬಟ್ಟೆಗಳಿಗೆ ತೇಪೆ ಹಾಕುವ ಕೆಲಸ ಈಗಲೂ ಇದೆ. ಆಸ್ಪತ್ರೆಗೆ ಎರಡು ನಿಲ್ದಾಣ ಮೊದಲೇ ಟಿಕೆಟ್ ದರ ಏರುವ ಗಡಿ ಬರುತ್ತದೆ. ಅಕ್ಕ ಅಲ್ಲೇ ಇಳಿಯುತ್ತಾರೆ. ಆಮೇಲೆ ನಲವತ್ತೆರಡು ಮೆಟ್ಟಿಲಿನ ಮೇಲ್ಸೇತುವೆ ಹತ್ತಿ, ಇಳಿದು, ಆಸ್ಪತ್ರೆಯ ಹಿಂಬಾಗಿಲವರೆಗೆ ನಡಿಗೆ. ಅವರ ಮಂಡಿಗಳು ಆ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತವೆ. ಹಳದಿ ಪಾಸೊಂದು ಕೈಗೆ ಬಂದರೆ ಆಸ್ಪತ್ರೆಯ ಗೇಟಿನವರೆಗೂ ಕೂತೇ ಹೋಗಬಹುದು. ಉಳಿದ ದುಡ್ಡು ತಾನು ಕೊಡುತ್ತೇನೆಂದು ತಂಗಿ ಹೇಳಿ ಹೇಳಿ ಸೋತಿದ್ದಾರೆ. "ನನ್ನ ಹಕ್ಕಿಂದು ಬಂದಾಗ ಕೂರ್ತೀನಿ. ಅಲ್ಲಿವರೆಗೂ ಕಾಲಿದೆ" ಎಂಬುದು ಅಕ್ಕನ ಉತ್ತರ. ನೌಕರರ ಮನೆಯವರಿಗೆ ಸಿಗುವ ಪಾಸಿನಲ್ಲಿ ಗಂಡ, ಮಕ್ಕಳು, ಹೆತ್ತವರು ಇದ್ದಾರೆ. ಅಕ್ಕ ಎಂಬ ಸಂಬಂಧ ಆ ಪಟ್ಟಿಯಲ್ಲಿಲ್ಲ.

ಊರವರ ಕಾಗದವನ್ನೆಲ್ಲ ಹುಡುಕಿಸಿದವರು ಅಕ್ಕನದನ್ನು ಹುಡುಕದೆ ಬಿಟ್ಟಾರೆಯೇ? ಮಿಲ್ಲಿನ ಆಸ್ಪತ್ರೆಯ ಗೋದಾಮಿನಲ್ಲಿ ರಜಾದಿನವೆಲ್ಲ ಧೂಳು ತಿಂದಿದ್ದಾರೆ. ಅಕ್ಕ ಹುಟ್ಟಿದ ವರ್ಷದ ಪುಸ್ತಕ ಸಿಕ್ಕಿತು. ತೆರೆದರೆ ಎರಡು ರಟ್ಟು, ನಡುವೆ ಗೆದ್ದಲಿನ ಮಣ್ಣು. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಇರಬೇಕು.

ಮಧ್ಯಾಹ್ನ ಒಂದೂವರೆ. ಸಾಲು ಕರಗಿದೆ. ಗೋಂದಿನ ಬಾಟಲಿ ತಳ ಕಂಡಿದೆ. ಅರ್ಧ ದಿನದ ರಜೆ ಹಾಕಿದ ಅಕ್ಕ ಊಟದ ಡಬ್ಬಿ ಹಿಡಿದು ಬರುತ್ತಾರೆ. ತಂಗಿಗೆ ಇದು ಕಿಟಕಿಯ ಕೊನೆಯ ಒಂದನೇ ತಾರೀಖಲ್ಲವೇ, ಜೊತೆಯಲ್ಲಿ ಉಣ್ಣಬೇಕೆಂಬ ಆಸೆ. ಬಿಳಿಯ ಕೂದಲು, ಸಣ್ಣ ದೇಹ, ಕುಂಟುತ್ತ ಬಂದರೂ ಮುಖದಲ್ಲಿ ತುಂಟತನ. "ಇವಳು ನನಗಿಂತ ದೊಡ್ಡವಳು ಕಣ್ರೀ" ಎಂದು ತಂಗಿಯನ್ನು ತೋರಿಸಿ ಗುಮಾಸ್ತರಿಗೆಲ್ಲ ಹೇಳುತ್ತಾರೆ. "ಕಾಗದ ನೋಡಿ ಬೇಕಾದ್ರೆ. ಅದಕ್ಕೇ ನಾನು ಇವಳ ಮಾತು ಮೀರಲ್ಲ."

ಅಷ್ಟರಲ್ಲಿ ಮೇಲ್ವಿಚಾರಕರು ಒಳಗೆ ಬರುತ್ತಾರೆ. ಅವರ ಕೈಯಲ್ಲಿ ತುಂಬಿಸಿದ ಒಂದು ಅರ್ಜಿ. ಅಕ್ಕನ ಹೆಸರು, ಅಕ್ಕನ ವಿಳಾಸ, ವಯಸ್ಸಿನ ಜಾಗದಲ್ಲಿ ಅರವತ್ತಮೂರು, ಕೆಳಗೆ ಅವರದೇ ಸಹಿ. ಯಾರಿಂದಲೋ ಕೇಳಿಸಿಕೊಂಡು ತಾವೇ ಬರೆದು ತಂದಿದ್ದಾರೆ. ಪಾಸಮ್ಮನ ಮುಂದೆ ಇಟ್ಟು, ಹುಡುಗನಂತೆ ತಲೆ ತಗ್ಗಿಸಿ ನಿಲ್ಲುತ್ತಾರೆ.

"ಅಮ್ಮ, ಮೂವತ್ತೊಂದು ವರ್ಷದಲ್ಲಿ ಆರು ಲಕ್ಷದ ಮೇಲೆ ಪಾಸು ಕೊಟ್ಟಿದ್ದೀರಿ. ಇದೊಂದು ನನ್ನ ಜವಾಬ್ದಾರಿ. ಮೊಹರು ನೀವೇ ಹಾಕಿ."

ಪಾಸಮ್ಮ ಮೇಜಿನ ಡ್ರಾಯರು ಎಳೆಯುತ್ತಾರೆ. ಅಲ್ಲಿ ಅಕ್ಕನ ಫೋಟೊ ಇದೆ, ಮೂರು ವರ್ಷದಿಂದ ಇದೆ. ಅಕ್ಕನಿಗೆ ನಿಜವಾದ ಅರವತ್ತು ತುಂಬಿದ ವಾರ ತೆಗೆಸಿದ್ದು. ಅದನ್ನು ಹಳದಿ ರಟ್ಟಿನ ಮೇಲಿಟ್ಟು ನೋಡುತ್ತಾರೆ. ಸರಿಯಾಗಿ ಕೂರುತ್ತದೆ. ಅವರ ಕೈ ಮೊಹರಿನ ಹಿಡಿಯವರೆಗೂ ಹೋಗುತ್ತದೆ. ಅರ್ಜಿಯಲ್ಲಿ ಬರೆದದ್ದು ನಿಜ, ಸುಳ್ಳಿರುವುದು ಶಾಲೆಯ ಕಾಗದದಲ್ಲಿ. ಇದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

"ಬೇಡಪ್ಪ" ಎನ್ನುತ್ತಾರೆ ಕೊನೆಗೆ. "ನಾಳೆ ಬಸ್ಸಲ್ಲಿ ಯಾರೋ ಹೊಸಬರು ಇವಳ ಕಾಗದ ಕೇಳ್ತಾರೆ. ಇವಳನ್ನ ಎಲ್ಲರ ಮುಂದೆ ಇಳಿಸ್ತಾರೆ. ಕೊಡೆಯವರು ಹೇಳಿದ ಹಾಗೆ ಇವಳೂ 'ನಾನೇ ಹುಟ್ಟೋದು ತಡ ಮಾಡಿದೆ' ಅಂದ್ರೆ ನಾನು ತಡ್ಕೊಳ್ಳಲ್ಲ. ಇವಳು ತಡ ಮಾಡಿದವಳಲ್ಲ, ನನಗಿಂತ ಮೊದಲೇ ಬಂದು ನನ್ನನ್ನ ಕಾಯ್ತಾ ಕೂತವಳು."

ಫೋಟೊ ಮತ್ತೆ ಡ್ರಾಯರಿಗೆ ಹೋಗುತ್ತದೆ. ಅಕ್ಕ ಬೇಸರ ಮಾಡಿಕೊಂಡಂತೆ ಕಾಣುವುದಿಲ್ಲ. ಡಬ್ಬಿಯ ಮುಚ್ಚಳ ಬಿಚ್ಚುತ್ತ, "ಅದರಲ್ಲಿ ನನ್ನ ಮೂಗು ಸರಿಯಾಗಿ ಬಂದಿಲ್ಲ ಬಿಡೇ. ಬರೋ ವರ್ಷ ಬೇರೆ ತೆಗೆಸ್ತೀನಿ" ಎನ್ನುತ್ತಾರೆ. ಮೇಲ್ವಿಚಾರಕರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಳ್ಳುತ್ತಾರೆ. ಬರಿಗೈಯಲ್ಲಿ ಹೋಗಲು ಅವರಿಗೆ ಮನಸ್ಸಿಲ್ಲ.

"ಹಾಗಾದ್ರೆ ನಿಮ್ಮದಾದ್ರೂ ಮಾಡ್ಕೊಳ್ಳಿ ಅಮ್ಮ. ಇವತ್ತಿಗೆ ನಿಮಗೆ ಅರವತ್ತು. ತಿಂಗಳ ಕೊನೆಗೆ ನೌಕರರ ಪಾಸು ವಾಪಸ್ ಕೊಡಬೇಕು. ರಟ್ಟಿನ ಪಾಸು ಆಮೇಲೆ ಸಿಗಲ್ಲ. ನಿಮ್ಮ ಮೊಹರು ನಿಮ್ಮ ಪಾಸಿನ ಮೇಲೂ ಒಂದಿರಲಿ."

ಇದರಲ್ಲಿ ಯಾವ ತಪ್ಪೂ ಇಲ್ಲ, ನಿಯಮಕ್ಕೆ ನಿಯಮ, ನೆನಪಿಗೆ ನೆನಪು. ಆದರೂ ಪಾಸಮ್ಮ ಹಳದಿ ರಟ್ಟನ್ನು ಕಟ್ಟಿನೊಳಗೆ ಸೇರಿಸಿ, ರಬ್ಬರ್ ಬ್ಯಾಂಡ್ ಹಾಕಿ, ಮೊಹರಿನ ಮಸಿಯನ್ನು ಬಟ್ಟೆಯಿಂದ ಒರೆಸಿ ಇಡುತ್ತಾರೆ. ನಿವೃತ್ತಿಯಾದ ಮೇಲೆ ದಿನವೂ ಅಕ್ಕನ ಜೊತೆ ಬಸ್ಸು ಹತ್ತುವುದೆಂದು ನಿಶ್ಚಯಿಸಿದ್ದಾರೆ. ಇಬ್ಬರಿಗೂ ಪೂರ್ತಿ ಟಿಕೆಟ್, ಇಬ್ಬರೂ ಇಳಿಯುವುದು ಆ ಗಡಿಯಲ್ಲೇ. "ಸೇತುವೆ ಹತ್ತುವಾಗ ಚೀಲ ನಾನು ಹಿಡ್ಕೋತೀನಿ. ಅವಳನ್ನ ಎತ್ಕೊಳ್ಳೋಕಂತೂ ನನ್ನ ಕೈಲಿ ಆಗಲ್ಲ."

"ಅರ್ಧಕ್ಕೆ ಸಿಗೋದನ್ನ ಪೂರ್ತಿ ಕೊಟ್ಟು ತಗೊಳ್ತಾಳಂತೆ. ಯಾರು ಕೆಲಸ ಕೊಟ್ಟರೋ ಇವಳಿಗೆ" ಎಂದು ಅಕ್ಕ ತಲೆ ಚಚ್ಚಿಕೊಳ್ಳುತ್ತಾರೆ. ಕಣ್ಣು ಮಾತ್ರ ಒದ್ದೆಯಾಗಿದೆ.

ಎರಡು ಗಂಟೆ. ಪಾಸಮ್ಮ ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕುತ್ತಾರೆ. ಗಾಜಿನ ಆಚೆ, ಬೆಳಿಗ್ಗೆ ಎಂಬತ್ತು ಜನ ನಿಂತಿದ್ದ ಜಾಗ ಖಾಲಿ ಬಿದ್ದಿದೆ. ಅದನ್ನೇ ನೋಡುತ್ತ ಹೇಳುತ್ತಾರೆ:

"ಬರೋ ವರ್ಷ ಒಂದನೇ ತಾರೀಖು ಇಬ್ಬರೂ ಬರ್ತೀವಿ. ಆ ಕಡೆ ಸಾಲಲ್ಲಿ ನಿಲ್ತೀವಿ. ಅಕ್ಕ ಮುಂದೆ, ನಾನು ಹಿಂದೆ. ಹುಟ್ಟಿದ್ದು ಹಾಗೇ ಅಲ್ವಾ."